ಇಳಿಜಾರಿನ ತೋಟದ ಗಾಡಿಗೆ ವೆಸ್ಕ್ ಟೂಲ್: ಮೋಟಾರ್ ಕಂಟ್ರೋಲರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಮನೆ ಇರುವುದು ಗುಡ್ಡದ ನೆತ್ತಿಯಲ್ಲಿ, ಕಾಫಿ ಒಣಗಿಸುವ ಕಣ ಇರುವುದು ಕೆಳಗೆ ಗದ್ದೆಯ ಅಂಚಿನಲ್ಲಿ. ನಡುವೆ ಸುಮಾರು 600 ಮೀಟರ್ ಮಣ್ಣುದಾರಿ, ಹತ್ತು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವಷ್ಟು ಓರೆ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕುಯ್ಲಿನ ಕಾಲದಲ್ಲಿ ಹಣ್ಣಿನ ಮೂಟೆಗಳನ್ನು ತಲೆಯ ಮೇಲೆ ಹೊರಿಸುವುದನ್ನು ತಪ್ಪಿಸಬೇಕೆಂದು ಬ್ಯಾಟರಿ ಗಾಡಿಯೊಂದನ್ನು ಕಟ್ಟಿದೆವು. ಕಟ್ಟುವ ಕೆಲಸದಲ್ಲಿ ವೆಲ್ಡಿಂಗು, ಚಾಸಿ, ಚಕ್ರಗಳದ್ದೆಲ್ಲ ಒಂದು ಪಾಲಾದರೆ, ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರಿನ ಒಳಗಿನ ತಂತ್ರಾಂಶಕ್ಕೆ ಸರಿಯಾದ ಸಂಖ್ಯೆಗಳನ್ನು ತುಂಬುವುದು ಇನ್ನೊಂದು ಪಾಲು, ಮತ್ತು ಜೀವಕ್ಕೆ ಅಪಾಯ ತರಬಲ್ಲ ತಪ್ಪುಗಳೆಲ್ಲ ಈ ಎರಡನೆಯ ಪಾಲಿನಲ್ಲೇ ಇವೆ. ಬಯಲುಸೀಮೆಯಲ್ಲಿ ಗಾಡಿಯನ್ನು ಓಡಿಸುವ ಸಂಖ್ಯೆಗಳು ಸರಿಯಿದ್ದರೆ ಕೆಲಸ ನಡೆಯುತ್ತದೆ. ಕೊಡಗಿನಲ್ಲಿ ಗಾಡಿಯನ್ನು ತಡೆಯುವ ಸಂಖ್ಯೆಗಳನ್ನು ಮೊದಲು ಸರಿಮಾಡಿಕೊಳ್ಳಬೇಕು. ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗವನ್ನು ಅವುಗಳಿಗೇ ಕೊಟ್ಟಿದ್ದೇನೆ.

ನಾವು ಬಳಸಿದ್ದು ವೆಸ್ಕ್ ಮಾದರಿಯ ಕಂಟ್ರೋಲರ್. ಸ್ವೀಡನ್ನಿನ ಎಂಜಿನಿಯರ್ ಬೆಂಜಮಿನ್ ವೆಡ್ಡರ್ ರೂಪಿಸಿದ ಈ ವ್ಯವಸ್ಥೆಯ ಫರ್ಮ್‌ವೇರ್ (ಕಂಟ್ರೋಲರಿನ ಒಳಗೇ ನಡೆಯುವ ತಂತ್ರಾಂಶ) ಮುಕ್ತ ಆಕರದ್ದು, ಅದನ್ನು ಹೊಂದಿಸುವ ವೆಸ್ಕ್ ಟೂಲ್ ಎಂಬ ತಂತ್ರಾಂಶವೂ ಮುಕ್ತ ಆಕರದ್ದೇ. ವೆಸ್ಕ್ ಟೂಲ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಮೊಬೈಲಿನಲ್ಲೂ ನಡೆಯುತ್ತದೆ. ಪ್ರೋಗ್ರಾಂ ಬರೆಯಲು ಬಾರದವರೂ ತೆರೆಯ ಮೇಲಿನ ಪುಟಗಳನ್ನು ತುಂಬುತ್ತಾ ಹೋಗಿ ಮೋಟಾರನ್ನು ಓಡಿಸಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಕಂಟ್ರೋಲರಿಗೆ ಬೇಕಾದ ಫರ್ಮ್‌ವೇರ್ ಕಡತಗಳು ಟೂಲಿನ ಜೊತೆಯಲ್ಲೇ ಬರುವುದರಿಂದ, ಪೇಟೆಯಲ್ಲಿ ಒಮ್ಮೆ ಇಳಿಸಿಕೊಂಡು ಬಂದರೆ ಸಾಕು, ನೆಟ್‌ವರ್ಕ್ ಸಿಗದ ತೋಟದ ಮೂಲೆಯಲ್ಲೂ ಎಲ್ಲ ಕೆಲಸ ಮುಗಿಸಬಹುದು.

ಟೂಲ್ ತೆರೆಯುವ ಮುನ್ನ

ಲ್ಯಾಪ್‌ಟಾಪಿನ ಮುಂದೆ ಕುಳಿತುಕೊಳ್ಳುವ ಮೊದಲು ನಾಲ್ಕೈದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಗಾಡಿಯ ಲೆಕ್ಕವನ್ನೇ ಉದಾಹರಣೆಯಾಗಿ ಕೊಡುತ್ತೇನೆ. ನಿಮ್ಮ ಗಾಡಿಗೆ ನಿಮ್ಮ ಸಂಖ್ಯೆಗಳನ್ನೇ ಹಾಕಬೇಕು.

ಮೋಟಾರು ಇ-ರಿಕ್ಷಾಗಳಲ್ಲಿ ಬರುವ ಬ್ರಷ್ ಇಲ್ಲದ ಬಗೆಯದು, 1000 ವ್ಯಾಟಿನದು, ಒಳಗೆ ಅಯಸ್ಕಾಂತ ಎಲ್ಲಿದೆ ಎಂದು ತಿಳಿಸುವ ಮೂರು ಹಾಲ್ ಸೆನ್ಸರ್‌ಗಳಿವೆ. ಧ್ರುವಗಳು 8, ಅಂದರೆ 4 ಜೋಡಿ. ಗೇರಿನ ಅನುಪಾತ 10ಕ್ಕೆ 1, ಚಕ್ರದ ವ್ಯಾಸ 45 ಸೆಂಟಿಮೀಟರ್. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, ಸರಣಿಯಲ್ಲಿ 16 ಸೆಲ್, 100 ಆಂಪಿಯರ್ ಅವರ್. ಗಾಡಿ ಮತ್ತು ಸರಕು ಸೇರಿ ಒಟ್ಟು ತೂಕ 400 ಕಿಲೋ.

ಇಲ್ಲಿ ಮೊದಲ ಎಚ್ಚರಿಕೆಯ ಮಾತು ಬರುತ್ತದೆ. 48 ವೋಲ್ಟ್ ಬ್ಯಾಟರಿ ಎಂದು ಅಂಗಡಿಯಲ್ಲಿ ಹೇಳುವ ಈ 16 ಸೆಲ್‌ಗಳ ಪ್ಯಾಕು ಪೂರ್ತಿ ಚಾರ್ಜ್ ಆದಾಗ ಸೆಲ್ಲಿಗೆ 3.65 ವೋಲ್ಟಿನಂತೆ 58.4 ವೋಲ್ಟ್ ತೋರಿಸುತ್ತದೆ. ಆದ್ದರಿಂದ 60 ವೋಲ್ಟ್ ಗರಿಷ್ಠ ಮಿತಿಯ ಕಂಟ್ರೋಲರ್ ಇದಕ್ಕೆ ಸಾಲದು. ಇಳಿಜಾರಿನಲ್ಲಿ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ವೋಲ್ಟೇಜನ್ನು ಇನ್ನೂ ಮೇಲಕ್ಕೆತ್ತುವಾಗ ಉಳಿದ ಒಂದೂವರೆ ವೋಲ್ಟಿನ ಅಂತರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. 75 ಅಥವಾ 100 ವೋಲ್ಟ್ ತಾಳಿಕೊಳ್ಳುವ ಕಂಟ್ರೋಲರನ್ನೇ ಕೊಳ್ಳಿ.

ಎರಡನೆಯದು, ಕೈಬ್ರೇಕು ಮತ್ತು ಕಾಲುಬ್ರೇಕು. ಮೋಟಾರಿನ ಬ್ರೇಕು ಎಷ್ಟೇ ಚೆನ್ನಾಗಿರಲಿ, ವೇಗ ಸೊನ್ನೆಯ ಹತ್ತಿರ ಬಂದಾಗ ಅದರ ಹಿಡಿತ ಕರಗುತ್ತದೆ, ಓರೆಯಲ್ಲಿ ನಿಂತ ಗಾಡಿಯನ್ನು ಅದು ಹಿಡಿದಿಡಲಾರದು. ಡ್ರಮ್ ಬ್ರೇಕು ಇಲ್ಲದ ಗಾಡಿಗೆ ಈ ಮಾರ್ಗದರ್ಶಿಯ ಒಂದು ಸಾಲೂ ಅನ್ವಯಿಸುವುದಿಲ್ಲ ಎಂದೇ ತಿಳಿಯಿರಿ. ಅಂದ ಹಾಗೆ, ಇದು ತೋಟದ ಒಳಗೆ ಓಡುವ ಗಾಡಿ, ರಸ್ತೆಗೆ ಇಳಿಸುವಂಥದ್ದಲ್ಲ.

ಈಗ ಭಾರದ ಲೆಕ್ಕ. 400 ಕಿಲೋ ತೂಕವನ್ನು ಹತ್ತಕ್ಕೆ ಒಂದರ ಓರೆ ಕೆಳಕ್ಕೆ ಎಳೆಯುವ ಬಲ ಸುಮಾರು 390 ನ್ಯೂಟನ್. ಮಣ್ಣುದಾರಿಯಲ್ಲಿ ಚಕ್ರ ಉರುಳುವುದಕ್ಕೆ ಎದುರಾಗುವ ತಡೆ ಸುಮಾರು 155 ನ್ಯೂಟನ್ ಎಂದಿಟ್ಟುಕೊಳ್ಳೋಣ. ಏರುವಾಗ ಎರಡನ್ನೂ ಕೂಡಬೇಕು, 545 ನ್ಯೂಟನ್ ಆಗುತ್ತದೆ. ಇಳಿಯುವಾಗ ಕಳೆಯಬೇಕು, 235 ಉಳಿಯುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಏರಲು ಚಕ್ರದಲ್ಲಿ 760 ವ್ಯಾಟ್ ಬೇಕು. ಮೋಟಾರು, ಗೇರುಗಳಲ್ಲಿ ಕಾಲು ಭಾಗ ನಷ್ಟವಾದರೆ ಬ್ಯಾಟರಿಯಿಂದ 1000 ವ್ಯಾಟ್, ಅಂದರೆ ಸುಮಾರು 20 ಆಂಪಿಯರ್ ಹೊರಡುತ್ತದೆ. ಅದೇ ವೇಗದಲ್ಲಿ ಇಳಿಯುವಾಗ ಸುಮಾರು 5 ಆಂಪಿಯರ್ ಬ್ಯಾಟರಿಗೆ ಮರಳುತ್ತದೆ. ಈ ನಾಲ್ಕು ಸಂಖ್ಯೆಗಳು ಹಾಳೆಯ ಮೇಲಿದ್ದರೆ ಮುಂದೆ ಟೂಲ್ ಕೇಳುವ ಪ್ರಶ್ನೆಗಳಿಗೆ ಊಹೆಯಿಂದ ಉತ್ತರಿಸಬೇಕಾಗುವುದಿಲ್ಲ.

ಜೋಡಿಸುವುದು, ಫರ್ಮ್‌ವೇರ್ ನೋಡುವುದು

ಹಿಂದಿನ ಎರಡೂ ಚಕ್ರಗಳನ್ನು ಜ್ಯಾಕ್ ಕೊಟ್ಟು ನೆಲದಿಂದ ಎತ್ತಿ, ಮುಂದಿನ ಚಕ್ರಕ್ಕೆ ಅಡೆಕಲ್ಲು ಇಡಿ. ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಒಂದೇ ಚಕ್ರ ಎತ್ತಿ ಬಿಟ್ಟರೆ ಅದು ತಿರುಗಿದರೂ ನೆಲದ ಮೇಲಿನ ಚಕ್ರ ಗಾಡಿಯನ್ನು ಮುಂದೂಡುವ ಸಾಧ್ಯತೆ ಇದೆ. ಬ್ಯಾಟರಿ ಜೋಡಿಸಿ, ಯುಎಸ್‌ಬಿ ತಂತಿಯಿಂದ ಕಂಟ್ರೋಲರನ್ನು ಲ್ಯಾಪ್‌ಟಾಪಿಗೆ ಸೇರಿಸಿ, ಮುಖಪುಟದಲ್ಲಿರುವ ಆಟೋ ಕನೆಕ್ಟ್ ಗುಂಡಿ ಒತ್ತಿ. ಫರ್ಮ್‌ವೇರ್ ಹಳೆಯದಿದ್ದರೆ ಟೂಲ್ ಅದನ್ನು ತಿಳಿಸಿ, ಸೀಮಿತ ರೀತಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆಗ ಫರ್ಮ್‌ವೇರ್ ಪುಟಕ್ಕೆ ಹೋಗಿ, ನಿಮ್ಮ ಕಂಟ್ರೋಲರಿನ ಹಾರ್ಡ್‌ವೇರ್ ಹೆಸರಿಗೆ ಸರಿಯಾಗಿ ಹೊಂದುವ ಕಡತವನ್ನೇ ಆರಿಸಿ ಅಪ್‌ಲೋಡ್ ಮಾಡಬೇಕು. ಹೆಸರು ಒಂದಕ್ಷರ ಬೇರೆಯಾದರೂ ಕೈ ಹಾಕಬೇಡಿ, ಏಕೆಂದರೆ ಕರೆಂಟ್ ಅಳೆಯುವ ಸರ್ಕ್ಯೂಟು ಹಾರ್ಡ್‌ವೇರಿನಿಂದ ಹಾರ್ಡ್‌ವೇರಿಗೆ ಬದಲಾಗುತ್ತದೆ. ಅಪ್‌ಲೋಡ್ ನಡೆಯುತ್ತಿರುವಾಗ ಬ್ಯಾಟರಿಯನ್ನಾಗಲಿ ತಂತಿಯನ್ನಾಗಲಿ ಕಳಚಬಾರದು.

ಮುಂದಕ್ಕೆ ಹೋಗುವ ಮುನ್ನ ಬಲಬದಿಯ ಗುಂಡಿಗಳ ಸಾಲನ್ನು ಪರಿಚಯ ಮಾಡಿಕೊಳ್ಳಿ. ಎಂ ಅಕ್ಷರದೊಂದಿಗೆ ಮೇಲ್ಮುಖ ಬಾಣವಿರುವುದು ಕಂಟ್ರೋಲರಿನಲ್ಲಿರುವ ಮೋಟಾರ್ ಸಂಖ್ಯೆಗಳನ್ನು ಓದಿ ತೆರೆಗೆ ತರುತ್ತದೆ, ಕೆಳಮುಖ ಬಾಣವಿರುವುದು ತೆರೆಯ ಮೇಲಿನದನ್ನು ಕಂಟ್ರೋಲರಿಗೆ ಬರೆಯುತ್ತದೆ. ಎ ಅಕ್ಷರದ ಜೋಡಿ ಇದೇ ಕೆಲಸವನ್ನು ಆಕ್ಸಿಲರೇಟರ್ ಮುಂತಾದ ಇನ್‌ಪುಟ್ ಸಂಖ್ಯೆಗಳಿಗೆ ಮಾಡುತ್ತದೆ. ತೆರೆಯ ಮೇಲೆ ಸಂಖ್ಯೆ ಬದಲಾಯಿಸಿ, ಬರೆಯುವ ಗುಂಡಿ ಒತ್ತುವುದನ್ನು ಮರೆತು, ಗಾಡಿ ಇಳಿಸಿ ಓಡಿಸುವವರು ಬಹಳ ಮಂದಿ. ಬರೆದ ನಂತರ ಒಮ್ಮೆ ಓದುವ ಗುಂಡಿಯನ್ನೂ ಒತ್ತಿ, ಹೊಸ ಸಂಖ್ಯೆ ಮರಳಿ ಬಂತೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಮೋಟಾರನ್ನು ಗುರುತಿಸುವ ಹಂತ

ಮುಖಪುಟದಲ್ಲಿ ಸೆಟಪ್ ಮೋಟಾರ್ಸ್ ಎಫ್‌ಒಸಿ ಎಂಬ ಗುಂಡಿ ಇದೆ. ಎಫ್‌ಒಸಿ ಎಂದರೆ ಮೋಟಾರಿನೊಳಗಿನ ಕಾಂತಕ್ಷೇತ್ರದ ದಿಕ್ಕನ್ನು ಪ್ರತಿಕ್ಷಣವೂ ಲೆಕ್ಕ ಹಾಕಿ, ತಿರುಗುಬಲ ಹುಟ್ಟಿಸುವ ಕೋನದಲ್ಲೇ ಕರೆಂಟ್ ಹರಿಸುವ ವಿಧಾನ. ನಿಧಾನ ವೇಗದಲ್ಲೂ ಗಾಡಿ ಅದುರದೆ ಹೊರಡುವುದು ಇದರಿಂದಲೇ.

ಗುಂಡಿ ಒತ್ತಿದಾಗ ಟೂಲ್ ಮೊದಲು ಬಳಕೆಯ ಬಗೆ ಕೇಳುತ್ತದೆ; ಸಾಮಾನ್ಯ ಬಳಕೆ ಎಂಬರ್ಥದ ಜೆನೆರಿಕ್ ಆಯ್ಕೆ ಸಾಕು. ನಂತರ ಮೋಟಾರಿನ ಗಾತ್ರಗಳ ಚಿತ್ರಗಳು ಬರುತ್ತವೆ. ಹೆಸರುಗಳಿಗಿಂತ ತೂಕ ನೋಡಿ, ನಿಮ್ಮ ಮೋಟಾರಿಗೆ ಹತ್ತಿರವಾದುದನ್ನು ಆರಿಸಿ. ಸಂಶಯವಿದ್ದರೆ ಒಂದು ಹೆಜ್ಜೆ ಚಿಕ್ಕದನ್ನೇ ಆರಿಸಿ, ಏಕೆಂದರೆ ಮೋಟಾರು ಎಷ್ಟು ಶಾಖ ತಾಳಬಲ್ಲದು ಎಂಬುದನ್ನು ಟೂಲ್ ಈ ಆಯ್ಕೆಯಿಂದಲೇ ಅಂದಾಜು ಮಾಡಿ ಮೋಟಾರ್ ಕರೆಂಟಿನ ಮಿತಿಯನ್ನು ಕಟ್ಟುತ್ತದೆ. ಮುಂದಿನ ಪುಟ ಬ್ಯಾಟರಿಯದು. ಸೆಲ್ಲಿನ ಬಗೆ, ಸರಣಿಯ ಸೆಲ್‌ಗಳ ಸಂಖ್ಯೆ, ಸಾಮರ್ಥ್ಯ ತುಂಬಬೇಕು. ಸೆಲ್ಲಿನ ಬಗೆಯಲ್ಲಿ 3.0ರಿಂದ 4.2 ವೋಲ್ಟಿನದು ಮೊದಲೇ ಆಯ್ಕೆಯಾಗಿ ಕುಳಿತಿರುತ್ತದೆ. ಐರನ್ ಫಾಸ್ಫೇಟ್ ಬ್ಯಾಟರಿಯವರು ಅದನ್ನು 2.6ರಿಂದ 3.6 ವೋಲ್ಟಿನದಕ್ಕೆ ಬದಲಾಯಿಸಿಕೊಳ್ಳಬೇಕು. ಆಮೇಲೆ ಗೇರಿನ ಅನುಪಾತ, ಚಕ್ರದ ವ್ಯಾಸ, ಧ್ರುವಗಳ ಸಂಖ್ಯೆ. ಧ್ರುವಗಳನ್ನು ಕೇಳಿದಲ್ಲಿ ಜೋಡಿಗಳ ಸಂಖ್ಯೆಯನ್ನು ಹಾಕಬೇಡಿ, ಹಾಗೆ ಮಾಡಿದರೆ ತೆರೆಯ ಮೇಲಿನ ವೇಗ ನಿಜಕ್ಕಿಂತ ಎರಡು ಪಟ್ಟಾಗುತ್ತದೆ.

ಪತ್ತೆಹಚ್ಚುವ ಗುಂಡಿಯನ್ನು ಒತ್ತುವಾಗ ಚಕ್ರಗಳ ಹತ್ತಿರ ಯಾರೂ ನಿಂತಿರಬಾರದು. ಮೊದಲು ಮೋಟಾರು ಕುಯ್‌ಗುಟ್ಟುತ್ತದೆ, ಆಗ ಸುರುಳಿಯ ರೋಧ ಮತ್ತು ಇಂಡಕ್ಟೆನ್ಸ್ ಅಳತೆಯಾಗುತ್ತಿರುತ್ತದೆ. ಬಳಿಕ ಚಕ್ರ ವೇಗವಾಗಿ ತಿರುಗಿ ತಾನಾಗಿ ನಿಧಾನವಾಗುತ್ತದೆ, ಅದು ಅಯಸ್ಕಾಂತದ ಬಲದ ಅಳತೆ. ಕೊನೆಗೆ ಚಕ್ರ ಬಹಳ ನಿಧಾನವಾಗಿ ಒಂದು ಕಡೆಗೆ, ಮತ್ತೆ ಇನ್ನೊಂದು ಕಡೆಗೆ ತಿರುಗುತ್ತದೆ, ಅದು ಹಾಲ್ ಸೆನ್ಸರ್‌ಗಳ ಕೋಷ್ಟಕ ಕಟ್ಟುವ ಹಂತ.

ಈ ಕೋಷ್ಟಕವನ್ನು ನೋಡದೆ ಮುಂದೆ ಹೋಗಬೇಡಿ ಎಂದು ಒತ್ತಿ ಹೇಳುತ್ತೇನೆ. ಮೋಟಾರ್ ಸೆಟ್ಟಿಂಗ್ಸ್ ಕೆಳಗಿನ ಎಫ್‌ಒಸಿ ಪುಟದಲ್ಲಿ ಹಾಲ್ ಸೆನ್ಸರ್ ಎಂಬ ಭಾಗಕ್ಕೆ ಹೋದರೆ ಎಂಟು ಮನೆಗಳ ಸಾಲು ಕಾಣುತ್ತದೆ. ಮೊದಲ ಮತ್ತು ಕೊನೆಯ ಮನೆಯಲ್ಲಿ 255 ಇರಬೇಕು, ಅಂದರೆ ಆ ಸ್ಥಿತಿಗಳು ಬರಲಾರವು ಎಂದರ್ಥ. ಉಳಿದ ಆರು ಮನೆಗಳಲ್ಲಿ 0ರಿಂದ 200ರೊಳಗಿನ ಸಂಖ್ಯೆಗಳಿರುತ್ತವೆ. ಪೂರ್ತಿ ಒಂದು ಸುತ್ತಿಗೆ 200 ಎಂಬ ಅಳತೆ. ಆರನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಅಂತರ 33ರ ಆಸುಪಾಸಿನಲ್ಲಿರಬೇಕು. ನಮ್ಮಲ್ಲಿ ಎರಡನೆಯ ವರ್ಷ ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದಾಗ ನಡುವಿನ ಮನೆಗಳಲ್ಲೂ 255 ಬಂದು ಕುಳಿತಿತ್ತು. ಕನೆಕ್ಟರು ಬಿಚ್ಚಿ ನೋಡಿದರೆ ಹಸಿರು ತಂತಿಯ ಪಿನ್ನಿನ ಸುತ್ತ ನೀಲಿಹಸಿರು ಕಿಲುಬು ಹಿಡಿದಿತ್ತು. ಹಳೆಯ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಮತ್ತೆ ಜೋಡಿಸಿದ ಮೇಲೆ ಆರೂ ಮನೆಗಳು ಸರಿಯಾದವು. ಓರೆಯಲ್ಲಿ ಭಾರ ಹೊತ್ತು ನಿಂತ ಜಾಗದಿಂದ ಹೊರಡುವ ಗಾಡಿಗೆ ಈ ಸೆನ್ಸರ್‌ಗಳೇ ಆಧಾರ, ಏಕೆಂದರೆ ಮೋಟಾರು ತಿರುಗದೆ ಇರುವಾಗ ಅಯಸ್ಕಾಂತ ಎಲ್ಲಿದೆ ಎಂಬುದನ್ನು ಕಂಟ್ರೋಲರ್ ಬೇರೆ ಯಾವ ರೀತಿಯಲ್ಲೂ ನೆಚ್ಚಿಕೊಳ್ಳುವಷ್ಟು ನಿಖರವಾಗಿ ತಿಳಿಯಲಾರದು.

ಪತ್ತೆ ಮುಗಿದ ಮೇಲೆ ಟೂಲ್ ದಿಕ್ಕು ಕೇಳುತ್ತದೆ. ಮುಂದಕ್ಕೆ ಎಂಬ ಗುಂಡಿ ಒತ್ತಿದಾಗ ಚಕ್ರ ಹಿಂದಕ್ಕೆ ತಿರುಗಿದರೆ ತೆರೆಯ ಮೇಲೆಯೇ ತಿರುಗುಮುರುಗು ಮಾಡಿದರಾಯಿತು, ತಂತಿ ಬದಲಿಸುವ ಅಗತ್ಯವಿಲ್ಲ.

ಕರೆಂಟಿನ ಪುಟ: ತಡೆಯುವ ಸಂಖ್ಯೆಗಳು

ಇಲ್ಲಿಯವರೆಗಿನದನ್ನು ಟೂಲ್ ಕೈ ಹಿಡಿದು ಮಾಡಿಸುತ್ತದೆ. ಇನ್ನು ಮುಂದಿನದು ನಮ್ಮ ಹೊಣೆ.

ಮೋಟಾರ್ ಸೆಟ್ಟಿಂಗ್ಸ್, ಜನರಲ್, ಕರೆಂಟ್ ಎಂಬ ಪುಟದಲ್ಲಿ ಐದು ಸಂಖ್ಯೆಗಳಿವೆ. ಮೋಟಾರಿನ ಗರಿಷ್ಠ ಕರೆಂಟ್, ಮೋಟಾರಿನ ಗರಿಷ್ಠ ಬ್ರೇಕ್ ಕರೆಂಟ್, ಯಾವ ಕಾರಣಕ್ಕೂ ಮೀರಬಾರದ ಪರಮ ಮಿತಿ, ಬ್ಯಾಟರಿಯಿಂದ ಹೊರಡುವ ಗರಿಷ್ಠ ಕರೆಂಟ್ ಮತ್ತು ಬ್ಯಾಟರಿಗೆ ಮರಳುವ ಗರಿಷ್ಠ ಕರೆಂಟ್. ಬ್ರೇಕಿನದು ಮತ್ತು ಮರಳುವುದರದು ಋಣ ಸಂಖ್ಯೆಗಳು.

ಮೋಟಾರ್ ಕರೆಂಟ್ ಮತ್ತು ಬ್ಯಾಟರಿ ಕರೆಂಟ್ ಒಂದೇ ಎಂದು ತಿಳಿಯುವುದು ಎಲ್ಲರೂ ಮೊದಲು ಮಾಡುವ ತಪ್ಪು. ಕಂಟ್ರೋಲರ್ ವೋಲ್ಟೇಜನ್ನು ತಗ್ಗಿಸಿ ಮೋಟಾರಿಗೆ ಕೊಡುತ್ತದೆ, ಆದ್ದರಿಂದ ನಿಧಾನ ವೇಗದಲ್ಲಿ ಮೋಟಾರಿನ ಸುರುಳಿಗಳಲ್ಲಿ ಹರಿಯುವ ಕರೆಂಟ್ ಬ್ಯಾಟರಿಯಿಂದ ಹೊರಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ಏರಿನಲ್ಲಿ ಬ್ಯಾಟರಿಯಿಂದ 20 ಆಂಪಿಯರ್ ಹೊರಡುತ್ತಿರುವಾಗ ಮೋಟಾರಿನಲ್ಲಿ 90 ಆಂಪಿಯರಿನಷ್ಟು ಇರುತ್ತದೆ. ತಿರುಗುಬಲ ಕೊಡುವುದು ಮೋಟಾರ್ ಕರೆಂಟ್, ಬ್ಯಾಟರಿಯನ್ನು ಖಾಲಿ ಮಾಡುವುದು ಬ್ಯಾಟರಿ ಕರೆಂಟ್. ಗಾಡಿ ಏರು ಹತ್ತುತ್ತಿಲ್ಲ ಎಂದು ಬ್ಯಾಟರಿ ಕರೆಂಟಿನ ಮಿತಿಯನ್ನು ಏರಿಸುತ್ತಾ ಹೋದರೆ ಪ್ರಯೋಜನವಾಗದು. ಬಹುತೇಕ ಸಂದರ್ಭಗಳಲ್ಲಿ ತಡೆದು ನಿಲ್ಲಿಸಿರುವುದು ಮೋಟಾರ್ ಕರೆಂಟಿನ ಮಿತಿಯೇ ಆಗಿರುತ್ತದೆ. ನಾವು ಮೋಟಾರಿಗೆ 110, ಬ್ಯಾಟರಿಗೆ 40 ಇಟ್ಟಿದ್ದೇವೆ.

ಬ್ರೇಕಿನ ಎರಡು ಸಂಖ್ಯೆಗಳಿಗೆ ಬರೋಣ. ಮೋಟಾರು ಬ್ರೇಕು ಹಾಕುವಾಗ ಗಾಡಿಯ ಚಲನೆಯ ಶಕ್ತಿ ವಿದ್ಯುತ್ತಾಗಿ ಬ್ಯಾಟರಿಗೆ ಹೋಗಬೇಕು. ಬೇರೆ ದಾರಿ ಇಲ್ಲ. ಹಾಗಾಗಿ ಬ್ಯಾಟರಿ ಎಷ್ಟನ್ನು ತೆಗೆದುಕೊಳ್ಳಲು ಒಪ್ಪುತ್ತದೆಯೋ ಅಷ್ಟೇ ನಮಗೆ ಸಿಗುವ ಬ್ರೇಕು. ನಮ್ಮ ಗಾಡಿ ಮೊದಲ ವರ್ಷ ಕಲಿಸಿದ ಪಾಠ ಇದು. ಚಾರ್ಜರ್ ಇದ್ದದ್ದು ಮನೆಯಲ್ಲಿ, ಗುಡ್ಡದ ಮೇಲೆ. ರಾತ್ರಿಯಿಡೀ ಚಾರ್ಜ್ ಆಗಿ 58 ವೋಲ್ಟ್ ದಾಟಿದ್ದ ಬ್ಯಾಟರಿಯೊಂದಿಗೆ ಬೆಳಗ್ಗೆ ಏಳು ಗಂಟೆಗೆ ಮೊದಲ ಇಳಿತ. ನಾಲ್ಕನೆಯ ತಿರುವಿನಲ್ಲಿ ಬ್ರೇಕು ಹಿಡಿದಿದ್ದೆ, ಗಾಡಿ ಸರಿಯಾಗಿ ನಿಧಾನವಾಗುತ್ತಿತ್ತು, ಅಷ್ಟರಲ್ಲಿ ಯಾರೋ ಹಿಡಿದಿದ್ದ ಹಗ್ಗ ಬಿಟ್ಟ ಹಾಗೆ ಗಾಡಿ ಹಗುರಾಗಿ ಮುಂದಕ್ಕೆ ನುಗ್ಗಿತು. ತುಂಬಿದ್ದ ಬ್ಯಾಟರಿಗೆ ಇನ್ನೂ ಕರೆಂಟ್ ಬರುವುದನ್ನು ಕಂಡ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು), ಸೆಲ್‌ಗಳನ್ನು ಉಳಿಸಿಕೊಳ್ಳಲು ಸಂಪರ್ಕ ಕಡಿದಿತ್ತು. ಹೋಗಲು ಜಾಗವಿಲ್ಲದ ಕರೆಂಟು ಕಂಟ್ರೋಲರಿನ ವೋಲ್ಟೇಜನ್ನು ಮೇಲಕ್ಕೆತ್ತಿತ್ತು, ಕಂಟ್ರೋಲರ್ ದೋಷ ದಾಖಲಿಸಿ ಮೋಟಾರನ್ನು ಕೈಬಿಟ್ಟಿತ್ತು. ಕಾಲುಬ್ರೇಕು ತುಳಿದು, ದಾರಿ ಬದಿಯ ಸಿಲ್ವರ್ ಮರದ ಬುಡಕ್ಕೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬ್ಯಾಟರಿ ಮಾರಿದವರು ಚಾರ್ಜಿನ ಮಿತಿಯ ವಿಷಯ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇದನ್ನು ತಪ್ಪಿಸುವ ಕ್ರಮ ಹೀಗಿದೆ. ಮೊದಲು ಬ್ಯಾಟರಿಯ ಬಿಎಂಎಸ್ ಎಷ್ಟು ಆಂಪಿಯರ್ ಚಾರ್ಜ್ ಕರೆಂಟನ್ನು ಒಪ್ಪುತ್ತದೆ ಎಂಬುದನ್ನು ಮಾರಿದವರಿಂದ ಬರಹದಲ್ಲೇ ಪಡೆಯಿರಿ. ಹೊರಡುವ ಕರೆಂಟ್ 100 ಎಂದಿದ್ದರೂ ಒಳಬರುವುದು ಅದಕ್ಕಿಂತ ಬಹಳ ಕಡಿಮೆ ಇರಬಹುದು. ನಮ್ಮದರಲ್ಲಿ ಅದು 30. ಬ್ಯಾಟರಿಗೆ ಮರಳುವ ಗರಿಷ್ಠ ಕರೆಂಟನ್ನು ಅದಕ್ಕಿಂತ ಕೆಳಗೆ, −20 ಎಂದು ಇಟ್ಟೆವು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿರುವ ಗಾಡಿಯನ್ನು ಮೂರು ಸೆಕೆಂಡಿನಲ್ಲಿ ನಿಲ್ಲಿಸಲು ಬೇಕಾಗುವ ಬಲವನ್ನು ಲೆಕ್ಕ ಹಾಕಿದರೆ ಬ್ಯಾಟರಿಗೆ ಕ್ಷಣಕಾಲ 16 ಆಂಪಿಯರ್ ಮರಳುತ್ತದೆ, ಮೋಟಾರಿನಲ್ಲಿ 80 ಆಂಪಿಯರಿನಷ್ಟು ಬೇಕಾಗುತ್ತದೆ. ಆದ್ದರಿಂದ ಬ್ರೇಕ್ ಕರೆಂಟ್ −80.

ಎರಡನೆಯದು ವೋಲ್ಟೇಜ್ ಪುಟ. ಬ್ಯಾಟರಿ ಖಾಲಿಯಾಗುವಾಗ ಗಾಡಿಯನ್ನು ನಿಧಾನಕ್ಕೆ ತಗ್ಗಿಸುವ ಕಟಾಫ್ ಸ್ಟಾರ್ಟ್, ಕಟಾಫ್ ಎಂಡ್ ಎಂಬ ಎರಡು ಸಂಖ್ಯೆಗಳು ಅಲ್ಲಿವೆ, ಸೆಲ್ಲಿಗೆ 3.0 ಮತ್ತು 2.8ರಂತೆ 48.0 ಮತ್ತು 44.8 ಇಟ್ಟಿದ್ದೇವೆ. ಇವು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ನೋಡದ ಇನ್ನೊಂದು ಜೋಡಿ 6ನೇ ಆವೃತ್ತಿಯ ಹೊಸ ಫರ್ಮ್‌ವೇರ್‌ಗಳಲ್ಲಿದೆ, ಅದರ ಹೆಸರು ರೀಜೆನ್ ಕಟಾಫ್. ಮೂಲತಃ ಯಾವ ಬ್ಯಾಟರಿಯೂ ಮುಟ್ಟದಷ್ಟು ದೊಡ್ಡ ಸಂಖ್ಯೆ ಅದರಲ್ಲಿರುವುದರಿಂದ ಅದು ಕೆಲಸ ಮಾಡದೆ ಸುಮ್ಮನಿರುತ್ತದೆ. ಅಲ್ಲಿ 56.0 ಮತ್ತು 57.6 ಹಾಕಿದರೆ, ವೋಲ್ಟೇಜು 56 ದಾಟಿದಂತೆ ಮರಳುವ ಕರೆಂಟನ್ನು ಕಂಟ್ರೋಲರ್ ಮೆಲ್ಲಗೆ ಕಡಿಮೆ ಮಾಡುತ್ತದೆ, 57.6ರಲ್ಲಿ ಪೂರ್ತಿ ನಿಲ್ಲಿಸುತ್ತದೆ. ಬ್ರೇಕು ಒಮ್ಮೆಗೇ ಮಾಯವಾಗುವ ಬದಲು ಸಡಿಲವಾಗುತ್ತಾ ಬರುವುದರಿಂದ, ಓಡಿಸುವವನಿಗೆ ಕಾಲುಬ್ರೇಕು ತುಳಿಯಲು ಸಮಯ ಸಿಗುತ್ತದೆ. ಆದರೆ ಇದು ಬ್ರೇಕನ್ನು ಉಳಿಸುವುದಿಲ್ಲ, ಹೋಗುವುದನ್ನು ಮೊದಲೇ ತಿಳಿಸುತ್ತದೆ ಅಷ್ಟೆ.

ನಿಜವಾದ ಪರಿಹಾರ ಇರುವುದು ಟೂಲಿನ ಹೊರಗೆ. ಚಾರ್ಜರನ್ನು ಕಣದ ಪಕ್ಕದ ಶೆಡ್ಡಿಗೆ ಇಳಿಸಿದೆವು. ಈಗ ತುಂಬಿದ ಬ್ಯಾಟರಿಯ ಮೊದಲ ಪ್ರಯಾಣ ಯಾವಾಗಲೂ ಏರು. ಕೆಳಗೆ ವಿದ್ಯುತ್ ಸಂಪರ್ಕ ಇಲ್ಲದವರು ಚಾರ್ಜರನ್ನು ಸೆಲ್ಲಿಗೆ 3.4 ವೋಲ್ಟಿನಂತೆ 54.4ಕ್ಕೆ ನಿಲ್ಲುವ ಹಾಗೆ ಹೊಂದಿಸಿಕೊಳ್ಳಬಹುದು, ಆದರೆ ಆಗಲೂ ತಿಂಗಳಿಗೆ ಒಂದೆರಡು ಸಲ ಪೂರ್ತಿ ಚಾರ್ಜ್ ಮಾಡಿ ಸೆಲ್‌ಗಳು ಸಮವಾಗಲು ಬಿಡಬೇಕು, ಆ ದಿನ ಗಾಡಿಯನ್ನು ಇಳಿಜಾರಿಗೆ ತರಬಾರದು.

ವೇಗದ ಮಿತಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಟೂಲ್ ವೇಗವನ್ನು ಇಆರ್‌ಪಿಎಂ ಎಂಬ ಅಳತೆಯಲ್ಲಿ ಕೇಳುತ್ತದೆ, ಅಂದರೆ ಮೋಟಾರಿನ ಸುತ್ತುಗಳನ್ನು ಧ್ರುವಗಳ ಜೋಡಿಯಿಂದ ಗುಣಿಸಿದ್ದು. ಗಂಟೆಗೆ 8 ಕಿಲೋಮೀಟರ್ ಎಂದರೆ ನಿಮಿಷಕ್ಕೆ 133 ಮೀಟರ್, ನಮ್ಮ ಚಕ್ರದ ಸುತ್ತಳತೆ 1.41 ಮೀಟರ್, ಹಾಗಾಗಿ ಚಕ್ರ ನಿಮಿಷಕ್ಕೆ 94 ಸುತ್ತು, ಮೋಟಾರು 940, ನಾಲ್ಕು ಜೋಡಿಯಿಂದ ಗುಣಿಸಿದರೆ 3760. ನಾವು 3800 ಇಟ್ಟೆವು. ಮಿತಿಯನ್ನು ಮುಟ್ಟುವ ಮೊದಲೇ, ಮೂಲ ಸೆಟ್ಟಿಂಗಿನಲ್ಲಿ ಶೇಕಡ 80ರಿಂದಲೇ, ಬಲ ಕಡಿಮೆಯಾಗಲು ಶುರುವಾಗುತ್ತದೆ. ಈ ಮಿತಿ ಏರಿನಲ್ಲೂ ಸಮತಟ್ಟಿನಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಇಳಿಜಾರಿನಲ್ಲಿ ಮಾಡುವುದಿಲ್ಲ. ಮಿತಿ ದಾಟಿದಾಗ ಕಂಟ್ರೋಲರ್ ಮೋಟಾರಿಗೆ ಬಲ ಕೊಡುವುದನ್ನು ನಿಲ್ಲಿಸುತ್ತದೆಯೇ ಹೊರತು ತಾನಾಗಿ ಬ್ರೇಕು ಹಾಕುವುದಿಲ್ಲ. ಗುರುತ್ವ ಎಳೆಯುತ್ತಿರುವ ಗಾಡಿ ಮಿತಿಯನ್ನು ದಾಟಿ ಓಡುತ್ತಲೇ ಇರುತ್ತದೆ. ಮಿತಿ ಹಾಕಿದ್ದೇವಲ್ಲ ಎಂಬ ಧೈರ್ಯದಲ್ಲಿ ಹೊಸಬರ ಕೈಗೆ ಗಾಡಿ ಕೊಡಬೇಡಿ.

ಶಾಖದ ಪುಟದಲ್ಲಿ ಕಂಟ್ರೋಲರಿಗೆ 85 ಮತ್ತು 100 ಡಿಗ್ರಿ ಎಂದು ಮೊದಲೇ ಇರುತ್ತದೆ, ಹಾಗೇ ಬಿಡಿ.

ಆಕ್ಸಿಲರೇಟರ್ ಮತ್ತು ಬ್ರೇಕ್ ಲಿವರ್

ಇ-ರಿಕ್ಷಾದ ಹಿಡಿಯಂಥ ಆಕ್ಸಿಲರೇಟರ್ 5 ವೋಲ್ಟಿನಲ್ಲಿ ನಡೆದು, ಸುಮಾರು 0.8ರಿಂದ 4.2 ವೋಲ್ಟ್ ಸಂಕೇತ ಕೊಡುತ್ತದೆ. ಸಂಕೇತದ ವೋಲ್ಟೇಜನ್ನು ಅಳೆಯುವ, ಕಂಟ್ರೋಲರಿನ ಎಡಿಸಿ ಪಿನ್ನು 3.3 ವೋಲ್ಟಿಗಿಂತ ಹೆಚ್ಚು ತಾಳದಿದ್ದರೆ ನೇರವಾಗಿ ಸೇರಿಸಬಾರದು. ಸಂಕೇತದ ತಂತಿಯಲ್ಲಿ 10 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 20 ಕಿಲೋಓಮ್ ರೆಸಿಸ್ಟರ್ ಹಾಕಿದರೆ 4.2 ವೋಲ್ಟ್ 2.8ಕ್ಕೆ, 0.8 ವೋಲ್ಟ್ 0.53ಕ್ಕೆ ಇಳಿಯುತ್ತದೆ. ಬ್ರೇಕಿಗೆ ಇಂಥದ್ದೇ ಇನ್ನೊಂದು ಹಾಲ್ ಲಿವರನ್ನು ಎರಡನೆಯ ಎಡಿಸಿ ಪಿನ್ನಿಗೆ ಕೊಡಿ.

ಮುಖಪುಟದ ಸೆಟಪ್ ಇನ್‌ಪುಟ್ ಗುಂಡಿ ಒತ್ತಿ ಎಡಿಸಿ ಆರಿಸಿದರೆ ಲಿವರ್ ತಿರುಗಿಸಿದಂತೆ ತೆರೆಯ ಮೇಲೆ ವೋಲ್ಟೇಜು ಏರಿಳಿಯುವುದು ಕಾಣುತ್ತದೆ. ಬಿಟ್ಟಾಗ 0.55 ತೋರಿಸಿದರೆ ಆರಂಭದ ವೋಲ್ಟೇಜನ್ನು 0.65 ಎಂದೂ, ಪೂರ್ತಿ ತಿರುಗಿಸಿದಾಗ 2.8 ತೋರಿಸಿದರೆ ಕೊನೆಯದನ್ನು 2.7 ಎಂದೂ ಇಡಿ. ಈ ಸಣ್ಣ ಅಂತರ ಇಲ್ಲದಿದ್ದರೆ ಚಳಿಗೆ, ಬಿಸಿಲಿಗೆ ಸಂಕೇತ ಸ್ವಲ್ಪ ಸರಿದಾಗ ಗಾಡಿ ತಾನಾಗಿ ತೆವಳಲು ಶುರುಮಾಡುತ್ತದೆ. ಇದೇ ಪುಟದಲ್ಲಿ ಒಪ್ಪಬಹುದಾದ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜು ಎಂಬ ಎರಡು ಮನೆಗಳಿವೆ. ಅವುಗಳಿಗೆ 0.3 ಮತ್ತು 3.0 ಹಾಕಿ. ಮರಗಸಿಯ ಕೊಂಬೆ ಸಿಕ್ಕಿ ತಂತಿ ತುಂಡಾದರೆ ಸಂಕೇತ ಸೊನ್ನೆಗೋ ತುದಿಗೋ ಹೋಗುತ್ತದೆ. ಈ ಮಿತಿಗಳಿದ್ದರೆ ಕಂಟ್ರೋಲರ್ ಅದನ್ನು ಪೂರ್ತಿ ಆಕ್ಸಿಲರೇಟರ್ ಎಂದು ತಿಳಿಯದೆ ಬಲವನ್ನು ಕಡಿಯುತ್ತದೆ.

ನಿಯಂತ್ರಣದ ಬಗೆಯಲ್ಲಿ ಕರೆಂಟ್ ರಿವರ್ಸ್ ಬಟನ್ ಬ್ರೇಕ್ ಎಡಿಸಿ ಎಂಬುದನ್ನು ಆರಿಸಿದರೆ ಹಿಂದಕ್ಕೆ ಹೋಗಲು ಒಂದು ಗುಂಡಿ, ಬ್ರೇಕಿಗೆ ಬೇರೆ ಲಿವರ್ ಎರಡೂ ಸಿಗುತ್ತವೆ. ಡ್ಯೂಟಿ ಎಂಬ ಹೆಸರಿನ ಬಗೆಗಳನ್ನು ಈ ಕೆಲಸಕ್ಕೆ ಬಳಸಬೇಡಿ, ಅವುಗಳಲ್ಲಿ ಲಿವರ್ ಬಿಟ್ಟ ಕೂಡಲೇ ಜೋರಾಗಿ ಬ್ರೇಕು ಬಿದ್ದು ಮೂಟೆಗಳು ಮುಗ್ಗರಿಸಬಹುದು. ಬಲ ಏರಲು ಹಿಡಿಯುವ ಸಮಯವನ್ನು 0.8 ಸೆಕೆಂಡ್ ಮಾಡಿದರೆ ಇಬ್ಬನಿ ಬಿದ್ದ ಮಣ್ಣಿನಲ್ಲಿ ಚಕ್ರ ಜಾರುವುದು ಕಡಿಮೆಯಾಗುತ್ತದೆ. ಸೇಫ್ ಸ್ಟಾರ್ಟ್ ಚಾಲೂ ಇರಲಿ. ಲಿವರ್ ತಿರುಗಿಸಿಟ್ಟುಕೊಂಡೇ ಸ್ವಿಚ್ಚು ಹಾಕಿದರೆ ಗಾಡಿ ಹೊರಡದಂತೆ ಅದು ಕಾಯುತ್ತದೆ. ಎ ಅಕ್ಷರದ ಕೆಳಮುಖ ಬಾಣ ಒತ್ತಿ ಬರೆಯಿರಿ.

ಓರೆಯಲ್ಲಿ ಪರೀಕ್ಷೆ

ಜ್ಯಾಕ್ ಇಳಿಸುವ ಮೊದಲು ಬ್ಯಾಟರಿ ಕಳಚಿ, ಮತ್ತೆ ಜೋಡಿಸಿ, ಎಲ್ಲ ಸಂಖ್ಯೆಗಳು ಉಳಿದಿವೆಯೇ ಎಂದು ಓದಿ ನೋಡಿ. ನಂತರ ಕಣದ ಸಮತಟ್ಟಿನಲ್ಲಿ ಖಾಲಿ ಗಾಡಿಯನ್ನು ನಡೆಯುವ ವೇಗದಲ್ಲಿ ಓಡಿಸಿ, ಲಿವರ್ ಬ್ರೇಕಿನಿಂದ ಹತ್ತಾರು ಬಾರಿ ನಿಲ್ಲಿಸಿ. ಅದಾದ ಮೇಲೆ ಇಳಿಜಾರಿನ ಕೊನೆಯ ಇಪ್ಪತ್ತು ಮೀಟರ್ ಮಾತ್ರ. ಆಮೇಲೆ ಅರ್ಧ ದಾರಿ, ಆಮೇಲೆ ಪೂರ್ತಿ. ಸರಕು ಹಾಕುವುದು ಖಾಲಿ ಗಾಡಿ ಪೂರ್ತಿ ಇಳಿದ ನಂತರ, ಅದೂ ಒಂದು ಮೂಟೆಯಿಂದ ಆರಂಭಿಸಿ.

ಕಂಟ್ರೋಲರಿನಲ್ಲಿ ಬ್ಲೂಟೂತ್ ಇದ್ದರೆ ಮೊಬೈಲಿನ ವೆಸ್ಕ್ ಟೂಲಿನಲ್ಲಿ ನೇರ ದತ್ತಾಂಶದ ಪುಟ ತೆರೆದು, ಗಾಡಿ ಓಡಿಸುವವರಲ್ಲದೆ ಪಕ್ಕದಲ್ಲಿ ನಡೆದು ಬರುವ ಇನ್ನೊಬ್ಬರು ಅದನ್ನು ನೋಡುತ್ತಾ ಬರಲಿ. ಇಳಿಯುವಾಗ ಬ್ಯಾಟರಿ ಕರೆಂಟ್ ಋಣ ಸಂಖ್ಯೆಯಾಗಿ −5ರ ಆಸುಪಾಸಿನಲ್ಲಿ ನಿಂತಿದ್ದರೆ ನಿಮ್ಮ ಲೆಕ್ಕ ಸರಿಯಿದೆ. ವೋಲ್ಟೇಜು 56ರ ಹತ್ತಿರ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ, ಬ್ಯಾಟರಿ ಸ್ವಲ್ಪ ಖಾಲಿಯಾದ ಮೇಲೆ ಮುಂದುವರಿಸಿ. ಗಾಡಿ ಯಾವುದೇ ಕ್ಷಣದಲ್ಲಿ ಒಮ್ಮೆ ಕೈಕೊಟ್ಟರೂ ಸ್ವಿಚ್ಚು ಆರಿಸಬೇಡಿ. ಟರ್ಮಿನಲ್ ಪುಟದಲ್ಲಿ ಇಂಗ್ಲಿಷಿನಲ್ಲಿ ಫಾಲ್ಟ್ಸ್ ಎಂದು ಬರೆದು ಕಳುಹಿಸಿದರೆ ಸ್ವಿಚ್ಚು ಹಾಕಿದ ಮೇಲೆ ದಾಖಲಾದ ದೋಷಗಳೆಲ್ಲ, ಆ ಕ್ಷಣದ ವೋಲ್ಟೇಜು ಮತ್ತು ಕರೆಂಟಿನೊಂದಿಗೆ ಬರುತ್ತವೆ. ಆರಿಸಿದರೆ ಆ ಪಟ್ಟಿ ಅಳಿಸಿಹೋಗುತ್ತದೆ. ಓವರ್ ವೋಲ್ಟೇಜ್ ಎಂದಿದ್ದರೆ ಬಿಎಂಎಸ್ ಕಡಿದಿದೆ ಎಂದೇ ಮೊದಲು ಶಂಕಿಸಿ. ಅಂಡರ್ ವೋಲ್ಟೇಜ್ ಎಂದಿದ್ದರೆ ಏರಿನಲ್ಲಿ ಬ್ಯಾಟರಿ ಕುಸಿದಿದೆ, ಇಲ್ಲವೇ ಲಗ್ಗು ಸಡಿಲವಾಗಿದೆ. ಆ್ಯಬ್ಸ್ ಓವರ್ ಕರೆಂಟ್ ಎಂದಿದ್ದರೆ ಫೇಸ್ ತಂತಿಗಳ ಬೋಲ್ಟುಗಳನ್ನು, ಹಾಲ್ ಕೋಷ್ಟಕವನ್ನು ಮತ್ತೊಮ್ಮೆ ನೋಡಿ.

ತುಂಬಿದ ಗಾಡಿ ಮೂರು ಬಾರಿ ತೊಂದರೆಯಿಲ್ಲದೆ ಇಳಿದು ಹತ್ತಿದ ಮೇಲೆ ಮೋಟಾರಿನದು ಒಂದು, ಇನ್‌ಪುಟ್‌ನದು ಒಂದು ಎಂದು ಎರಡು ಎಕ್ಸ್‌ಎಂಎಲ್ ಕಡತಗಳಾಗಿ ಸಂಖ್ಯೆಗಳನ್ನು ಉಳಿಸಿ, ಹೆಸರಿನಲ್ಲಿ ದಿನಾಂಕ ಸೇರಿಸಿ. ಫರ್ಮ್‌ವೇರ್ ಬದಲಾಯಿಸಿದಾಗ ಸಂಖ್ಯೆಗಳು ಅಳಿಸಿಹೋಗಬಹುದು, ಆಗ ಈ ಕಡತಗಳೇ ಬೇಕಾಗುತ್ತವೆ. ಬ್ರೇಕಿನ ಎರಡು ಸಂಖ್ಯೆಗಳನ್ನು, ರೀಜೆನ್ ಕಟಾಫಿನ ಜೋಡಿಯನ್ನು ಹಾಗೂ ಬ್ಯಾಟರಿ 56 ವೋಲ್ಟಿಗಿಂತ ಮೇಲಿದ್ದರೆ ಇಳಿಯಬಾರದು ಎಂಬುದನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಪ್ಲಾಸ್ಟಿಕ್ ಹೊದಿಸಿ, ನಾವು ಹ್ಯಾಂಡಲ್ಲಿನ ಪಕ್ಕದಲ್ಲಿರುವ ವೋಲ್ಟ್‌ಮೀಟರಿನ ಕೆಳಗೆ ಅಂಟಿಸಿದ್ದೇವೆ. ಬೆಳಗ್ಗೆ ಗಾಡಿ ತೆಗೆಯುವವರು ಮೀಟರನ್ನೂ ಕಾಗದವನ್ನೂ ಒಟ್ಟಿಗೇ ನೋಡಿ ಕೈಬ್ರೇಕು ಬಿಡುತ್ತಾರೆ.